ಕೂಗದ ಕುಕ್ಕರು

ಬೆಳಗಿನ ಹತ್ತು, ಹತ್ತೂವರೆಯ ನಡುವೆ ನಮ್ಮ ಎದುರುಮನೆಯ ಅಡುಗೆಮನೆಯಲ್ಲಿ ತಪ್ಪದೆ ಕೂಗುತ್ತಿದ್ದ ಕುಕ್ಕರು ಈ ವಾರವೆಲ್ಲ ಸುಮ್ಮನಿರುವುದು ಗಮನಕ್ಕೆ ಬಂದು, ಮನೆಯಲ್ಲಿ ಯಾರಿಗಾದರೂ ಮೈಗೆ ಸ್ವಸ್ಥವಿಲ್ಲವೋ ಏನೋ ಎಂಬ ಶಂಕೆಯಿಂದ ವಿಚಾರಿಸಲು ಹೋದೆ. ಆ ಮನೆಯ ಹಿರಿಯಾಕೆ ಒಲೆಯ ಮುಂದೆ ನಿಂತು, ದಪ್ಪ ತಳದ ಪಾತ್ರೆಯೊಂದರಲ್ಲಿ ಕುಚ್ಚಲಕ್ಕಿಯನ್ನು ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದರು. ಮಾತಾಡದೆ ಒಳಗೆ ಬರುವಂತೆ ಕೈಸನ್ನೆ ಮಾಡಿ, ತಗ್ಗಿದ ದನಿಯಲ್ಲಿ, "ಅವಳಿಗೆ ಹತ್ತಕ್ಕೆ ಮೀಟಿಂಗ್ ಉಂಟು ಮಾರಾಯ್ರೆ, ಕುಕ್ಕರು ಕೂಗಿದರೆ ಅಲ್ಲಿಯವರಿಗೆ ಕೇಳ್ತದೆ" ಎಂದರು. ಅವಳೆಂದರೆ ಸೊಸೆ, ಅಲ್ಲಿಯವರೆಂದರೆ ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ಕುಳಿತಿರುವ, ಈ ತಾಯಿ ಎಂದೂ ಮುಖ ಕಾಣದ ಸಹೋದ್ಯೋಗಿಗಳು.

ಆ ಸೊಸೆ ತನ್ನ ಕಚೇರಿಯನ್ನು ಮನೆಯಲ್ಲಿ ಹೂಡಿಕೊಂಡ ಬಗೆಯನ್ನು ನಾನು ಮೊದಲಿನಿಂದ ಬಲ್ಲೆ. ಅದಕ್ಕೆಂದೇ ಬೇರೊಂದು ಕೋಣೆ ಅವರಿಗಿಲ್ಲ. ಮಲಗುವ ಕೋಣೆಯಲ್ಲಿ ಬೀರುವಿಗೂ ಗೋಡೆಗೂ ನಡುವೆ ಉಳಿದಿದ್ದ ಎರಡೂವರೆ ಮೊಳದ ಜಾಗದಲ್ಲಿ ಮೇಜು ಬಂದಿತು. ಕಿಟಕಿಗೆ ಬೆನ್ನಾಗಿ ಕುಳಿತರೆ ತೆರೆಯ ಮೇಲೆ ಮುಖವು ಕಪ್ಪು ನೆರಳಾಗಿ ತೋರುತ್ತಿದ್ದುದರಿಂದ ಮೇಜು ಬೆಳಕಿನತ್ತ ತಿರುಗಿತು. ಊಟದ ಮೇಜಿನ ಕುರ್ಚಿಯಲ್ಲಿ ಎಂಟು ಗಂಟೆ ಕುಳಿತ ಬೆನ್ನು ದೂರತೊಡಗಿದ ಮೇಲೆ ಗಾಲಿಗಳ ಕುರ್ಚಿ ಬಂದಿತು. ಕತ್ತು ಬಗ್ಗದಿರಲೆಂದು ಲ್ಯಾಪ್‌ಟಾಪಿನ ಅಡಿಗೆ ಮಾವನವರ ಹಳೆಯ ನಿಘಂಟು ಸೇರಿ, ಬೆರಳಿಗೆ ಪ್ರತ್ಯೇಕ ಕೀಲಿಮಣೆ ಬೇಕಾಯಿತು. ಕರೆಂಟು ಹೋದೊಡನೆ ಹಜಾರದ ವೈಫೈ ಪೆಟ್ಟಿಗೆಯೂ ಆರಿ, ಮಾತು ಅರ್ಧದಲ್ಲಿ ಕಡಿದುಹೋಗುತ್ತಿದ್ದುದರಿಂದ ಅದಕ್ಕೊಂದು ಪುಟ್ಟ ಯುಪಿಎಸ್ಸನ್ನು ಕಟ್ಟಿದರು. ಇಷ್ಟೆಲ್ಲ ಸಾಮಗ್ರಿಯನ್ನು ಹಣ ಕೊಟ್ಟು ಒದಗಿಸಿಕೊಂಡ ಮೇಲೂ, ಅಂಗಡಿಯಲ್ಲಿ ದೊರೆಯದ ಒಂದು ವಸ್ತು ಬಾಕಿ ಉಳಿದಿತ್ತು, ಮತ್ತು ಅದನ್ನು ಮನೆಯ ಉಳಿದವರು ಯಾರ ಅಪ್ಪಣೆಗೂ ಕಾಯದೆ ತಾವೇ ತಂದು ಸೇರಿಸಿದರು.

ಹೇಗೆಂದರೆ, ಮಿಕ್ಸರಿನ ಕೆಲಸವೆಲ್ಲ ಎಂಟೂವರೆಯೊಳಗೆ ಮುಗಿಯುತ್ತದೆ. ಸೊಪ್ಪಿನವಳು ಬಾಗಿಲಿಗೆ ಬಂದು ಕೂಗುವುದಕ್ಕೆ ಮೊದಲೇ ಅತ್ತೆ ಚೀಲ ಹಿಡಿದು ಬೀದಿಗಿಳಿದಿರುತ್ತಾರೆ. ಮಾವನವರು ರೇಡಿಯೋವನ್ನು ಕಿವಿಯ ಹತ್ತಿರ ಹಿಡಿದು ವಾರ್ತೆಗಳನ್ನು ಕೇಳುತ್ತಾರೆ. ಶಾಲೆಯಿಂದ ಬಂದ ಮಗು ಮುಚ್ಚಿದ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಒಳಗಿನ ದನಿ ಇಂಗ್ಲಿಷಿನಲ್ಲಿದ್ದರೆ ಹಿಂತಿರುಗಿ ಅಜ್ಜಿಯಲ್ಲಿಗೆ ಹೋಗುತ್ತದೆ, ಕನ್ನಡದಲ್ಲಿದ್ದರೆ ತಳ್ಳಿಕೊಂಡು ಒಳಹೊಗುತ್ತದೆ. ಇವೊಂದನ್ನೂ ಯಾರೂ ಬರೆದು ಗೋಡೆಗೆ ಅಂಟಿಸಿಲ್ಲ. ಮೇಜು ಕುರ್ಚಿಗಳು ಆ ಮೂಲೆಯನ್ನು ತುಂಬಿದುವಷ್ಟೆ. ಅದು ಕಚೇರಿಯಾದದ್ದು ಮನೆಯ ಮಿಕ್ಕ ನಾಲ್ವರು ತಮ್ಮ ತಮ್ಮ ಶಬ್ದವನ್ನೂ ಸಮಯವನ್ನೂ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಸರಿಸಿಕೊಂಡದ್ದರಿಂದ.

ಮನೆಯಲ್ಲಿಯೇ ಕುಳಿತು ಉದ್ಯೋಗ ಮಾಡುವುದು 2020ರ ಮಾರ್ಚಿನಲ್ಲಿ ಮಹಾಮಾರಿಗೆ ಅಂಜಿ ದೇಶವೆಲ್ಲ ಬಾಗಿಲು ಹಾಕಿಕೊಂಡಂದು ಹುಟ್ಟಿದ ಪದ್ಧತಿಯೆಂದು ನಾವು ಭಾವಿಸುತ್ತೇವೆ. ದೂರವಾಣಿಯ ಮೂಲಕ ಸೇವೆ ಒದಗಿಸುವ ಕಂಪನಿಗಳ ನೌಕರರು ಮನೆಯಿಂದ ಕೆಲಸ ಮಾಡುವುದಕ್ಕೆ ಹಿಂದೆ ಇದ್ದ ನಿರ್ಬಂಧಗಳನ್ನು ದೂರಸಂಪರ್ಕ ಇಲಾಖೆ ಬಹುಮಟ್ಟಿಗೆ ಸಡಿಲಿಸಿದ್ದು ಅದೇ ವರ್ಷದ ನವೆಂಬರಿನಲ್ಲಿ ಎಂಬುದೇನೋ ನಿಜವೆ. ಆದರೆ ನಮ್ಮ ಹಳ್ಳಿಗಳ ಶಾನುಭೋಗರ ಕಚೇರಿ ಎಲ್ಲಿತ್ತು? ಅವರ ಮನೆಯ ಪಡಸಾಲೆಯಲ್ಲಿ. ಕಾಗದವು ಸುಲಭವಾಗಿ ಕೈಗೆ ಸಿಗುವುದಕ್ಕೆ ಮುನ್ನ, ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಡತಗಳ ಮೇಲೆ ಬಳಪದಿಂದ ಊರಿನ ಭೂಮಿಕಾಣಿಯ ಲೆಕ್ಕವನ್ನು ಬರೆಯುತ್ತಿದ್ದ ಕಾಲದಿಂದ ತೊಡಗಿ, 1961ರ ಗ್ರಾಮಾಧಿಕಾರ ರದ್ದತಿಯ ಕಾನೂನು ಜಾರಿಗೆ ಬಂದ 1963ರವರೆಗೆ, ತಲೆಮಾರುಗಳ ಪರ್ಯಂತ ಆ ಲೆಕ್ಕ ಮನೆಯ ಜಂತಿಯಡಿಯಲ್ಲಿಯೇ ನಡೆಯಿತು. ಅಲ್ಲಿಯೂ ಮನೆಯವರು ಎಡೆ ಬಿಟ್ಟುಕೊಟ್ಟಿದ್ದರು. ರೈತರು ಬಂದು ಕುಳಿತ ಹೊತ್ತಿನಲ್ಲಿ ಹೆಂಗಸರು ನಡುಮನೆ ದಾಟಿ ಬರುತ್ತಿರಲಿಲ್ಲ, ಮಕ್ಕಳು ಕಡತದ ಗಂಟನ್ನು ಮುಟ್ಟುತ್ತಿರಲಿಲ್ಲ. ಆದರೆ ಅದು ಯಜಮಾನನ ಕೆಲಸ. ಯಜಮಾನನಿಗೆ ಮೌನ ಒದಗುವುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೊಂದು ಸಂಗತಿ. ಕುಕ್ಕರನ್ನು ಮೇಲಟ್ಟಕ್ಕೆ ಏರಿಸಿ ಪಾತ್ರೆಯಲ್ಲಿ ಅನ್ನ ಬಸಿಯುವ ಶ್ರಮವನ್ನು ಸೊಸೆಗಾಗಿ ಮತ್ತೆ ಕೈಗೆತ್ತಿಕೊಂಡ ಈ ಹಿರಿಯಾಕೆ, ಬಂಟ್ವಾಳದ ಕಡೆಯವರು; ಮದುವೆಗೆ ಮೊದಲೂ ಅನಂತರವೂ ಬಹಳ ವರ್ಷ ಬೀಡಿ ಕಟ್ಟಿದವರು. ದಕ್ಷಿಣ ಕನ್ನಡದ ಲಕ್ಷಾಂತರ ಹೆಣ್ಣುಮಕ್ಕಳಂತೆ ಅವರದೂ ಮನೆಯೊಳಗಿನ ಉದ್ಯೋಗವೆ. ರಾತ್ರಿ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯನ್ನು ಬೆಳಗ್ಗೆ ಅಳತೆಯ ತಗಡಿಟ್ಟು ಕತ್ತರಿಸುವುದು. ತೊಡೆಯ ಮೇಲೆ ಮೊರವನ್ನಿಟ್ಟುಕೊಂಡು, ಎಲೆಗೆ ಚಿಟಿಕೆ ಹೊಗೆಸೊಪ್ಪನ್ನು ಉದ್ದಕ್ಕೆ ಹರಡಿ, ಬೆರಳುಗಳ ನಡುವೆ ಉರುಳಿಸಿ, ತುದಿಯನ್ನು ಉಗುರಿನಿಂದ ಒಳಮಡಚಿ, ನೂಲು ಸುತ್ತಿ ಕಡಿಯುವುದು. ಕಟ್ಟುಗಳನ್ನು ಬುಟ್ಟಿಯಲ್ಲಿ ಹೊತ್ತು ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು, ಸಾವಿರಕ್ಕಿಷ್ಟೆಂದು ಲೆಕ್ಕ ಹಾಕಿಸಿ, ಸರಿಯಿಲ್ಲವೆಂದು ಹಿಂದಕ್ಕೆ ತಳ್ಳಿದ್ದನ್ನು ಮಾತಿಲ್ಲದೆ ಸಹಿಸಿ, ಮತ್ತೆ ಎಲೆ, ಹೊಗೆಸೊಪ್ಪು, ನೂಲುಗಳನ್ನು ತೂಗಿಸಿಕೊಂಡು ಬರುವುದು. ಮಕ್ಕಳ ಶಾಲೆಯ ಫೀಸು, ತಂಗಿಯ ಕಿವಿಯ ಬೆಂಡೋಲೆ, ಮಾಡಿಗೆ ಹೆಂಚು, ಎಲ್ಲವೂ ಆ ಮೊರದಿಂದಲೇ ಮೂಡಿ ಬಂದ ಮನೆಗಳು ಆ ಸೀಮೆಯಲ್ಲಿ ಎಷ್ಟೋ ಇವೆ. ಎಲೆ, ಹೊಗೆಸೊಪ್ಪನ್ನು ಪಡೆದು ತನ್ನ ಮನೆಯಲ್ಲಿಯೇ ಬೀಡಿ ಕಟ್ಟಿಕೊಡುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಸಿಗಾರು ಕಾರ್ಮಿಕರ ಕಾಯಿದೆ ಒಪ್ಪಿಕೊಂಡಿತು. ಹೀಗೆ ತಮ್ಮ ಮನೆಯಲ್ಲಿಯೇ ಕುಳಿತು ದುಡಿಯುವವರೆಲ್ಲರ ಪರವಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಒಡಂಬಡಿಕೆಯನ್ನು ರೂಪಿಸಿದ್ದು ಅದಾಗಿ ಮೂವತ್ತು ವರ್ಷ ಕಳೆದ ಮೇಲೆ, 1996ರಲ್ಲಿ.

ಕಾಯಿದೆ ಒಪ್ಪಿತು, ಮನೆ ಒಪ್ಪಿತೆ? ಈ ಪ್ರಶ್ನೆಯನ್ನು ಅವರಲ್ಲಿಯೇ ಕೇಳಿದೆ. ಅನ್ನ ಬಸಿಯುತ್ತಾ ಅವರು ನಕ್ಕರು. "ನಾವು ಬೀಡಿ ಕಟ್ಟುವಾಗ ಮನೆಯಲ್ಲಿ ಯಾರು ಬಾಯಿ ಮುಚ್ಚಿ ಕೂತದ್ದು? ಒಂದು ಕೈಯಲ್ಲಿ ಬೀಡಿ, ಒಂದು ಕಾಲಲ್ಲಿ ತೊಟ್ಟಿಲು." ಆ ನಗುವಿನಲ್ಲಿ ದೂರು ಇತ್ತೆಂದು ಹೇಳಲಾರೆ. ನೆರೆಮನೆಯ ಹೆಂಗಸರೆಲ್ಲ ಒಂದೇ ಜಗಲಿಗೆ ಬಂದು ಸಾಲಾಗಿ ಕುಳಿತು ಊರ ಸುದ್ದಿಯನ್ನೆಲ್ಲ ಆಡುತ್ತಾ ಕಟ್ಟುತ್ತಿದ್ದರಂತೆ. ಮಾತು ನಿಂತರೆ ಕೈಯೂ ನಿಲ್ಲುತ್ತಿತ್ತಂತೆ. ಆ ಕೆಲಸ ಮೌನವನ್ನು ಬೇಡಿರಲಿಕ್ಕಿಲ್ಲ. ಆದರೆ ಗಂಜಿಯ ಹೊತ್ತಿಗೆ ಎದ್ದು ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಮತ್ತೆ ಬಂದು ಮೊರವನ್ನು ತೊಡೆಗೇರಿಸಿಕೊಳ್ಳುವಾಗ, ನಿನ್ನ ಸಾವಿರ ಮುಗಿಯಲಿ, ಇವತ್ತು ನಾವೇ ಬಡಿಸಿಕೊಳ್ಳುತ್ತೇವೆ ಎಂದು ಒಬ್ಬರಾದರೂ ಅಂದಿದ್ದರೆ ಬೇಡವೆನ್ನುತ್ತಿದ್ದರೆ? ಮನೆಯಲ್ಲಿ ನಡೆಯುವ ಹೆಣ್ಣಿನ ದುಡಿಮೆ, ಅದರಿಂದ ಬರುವ ಹಣದಿಂದ ಮನೆ ನಡೆಯುತ್ತಿದ್ದಾಗಲೂ, ಬಿಡುವಿನ ವೇಳೆಯ ಕೆಲಸವೆಂದೇ ಎಣಿಕೆಯಾಗುತ್ತಿತ್ತು. ಬಿಡುವಾದರೋ ಆಕೆಗೆ ಇರಲೇ ಇಲ್ಲ.

ಹೀಗೆ ತನಗೆ ಯಾರೂ ಕೊಡದಿದ್ದುದನ್ನು ಸೊಸೆಗೆ ಕೊಡುವ ಮನಸ್ಸು ಆ ತಾಯಿಗೆ ಬಂದದ್ದು ಹೇಗೆ? ನಾನು ಪಟ್ಟ ಕಷ್ಟವನ್ನು ಇವಳೂ ಪಡಲಿ ಎನ್ನುವ ಲೋಕರೂಢಿಯ ನ್ಯಾಯವೊಂದು ಇದ್ದೇ ಇದೆ, ಮತ್ತು ಎಷ್ಟೋ ಮನೆಗಳಲ್ಲಿ ಅದೇ ನಡೆಯುತ್ತಿದೆ. ಬಾಗಿಲು ಮುಚ್ಚಿ ಕುಳಿತ ಸೊಸೆಯನ್ನು ಕರೆದು ಕಾಫಿ ಮಾಡಿಸುವ, ಮನೆಯಲ್ಲಿಯೇ ಇದ್ದೀಯಲ್ಲ ಎಂದು ಕೆಲಸ ಹಚ್ಚುವ ಹಿರಿಯರನ್ನೂ ನಾನು ಬಲ್ಲೆ. ಇವರು ಆ ದಾರಿಯನ್ನು ಹಿಡಿಯಲಿಲ್ಲ. ಇದನ್ನು ತ್ಯಾಗವೆಂದು ಕರೆದು ದೊಡ್ಡದು ಮಾಡುವುದು ಅವರಿಗೂ ರುಚಿಸದು. ಆದರೆ ಕೆಲಸವೆಂದರೇನೆಂಬುದು ಕೈಗಳಿಗೆ ಗೊತ್ತಿದ್ದವರಿಗೆ ಇನ್ನೊಬ್ಬರ ಕೆಲಸದ ಗುರುತು ಬೇಗ ಸಿಗುತ್ತದೆಂದು ಮಾತ್ರ ನಾನು ನಂಬುತ್ತೇನೆ.

ಈಚೆಗೆ ಕೆಲವು ಕಂಪನಿಗಳು ಮನೆಯಿಂದ ದುಡಿಯುವವರಿಗೆ ಕುರ್ಚಿಗೆಂದು, ಮೇಜಿಗೆಂದು, ಇಂಟರ್‌ನೆಟ್ಟಿನ ಖರ್ಚಿಗೆಂದು ಹಣ ಕೊಡುವುದುಂಟು. ಅದು ಯುಕ್ತವೇ. ಒಂದೂವರೆ ಗಂಟೆ ಸಣ್ಣ ಉರಿಯನ್ನು ಕಾಯುವ ಅಡುಗೆಯವಳ ಹೆಸರು ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ, ಏರಬೇಕೆಂದು ನಾನು ವಾದಿಸುವವನೂ ಅಲ್ಲ. ಮನೆಯ ಪ್ರೀತಿಗೆ ರಸೀದಿ ಹರಿಯುವ ಕಾಲ ಬರುವುದು ಬೇಡ. ಆದರೂ ಬಾಗಿಲಿನ ಆಚೆಗೆ ಸುಮ್ಮನಿರುವವರು ಸುಮ್ಮನೆ ಕುಳಿತಿಲ್ಲವೆಂಬುದು ಬಾಗಿಲಿನ ಒಳಗಿರುವವರ ಅರಿವಿನಲ್ಲಿ ಇರಬೇಕಾದದ್ದು.

ಆ ಸೊಸೆಯ ಅರಿವಿನಲ್ಲಿ ಅದು ಇದೆಯೆಂದು ತೋರುತ್ತದೆ. ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ಬೀದಿಯ ಹೆಂಗಸರು ತಾಳ, ಹಾರ್ಮೋನಿಯಂ ಹಿಡಿದು ಆ ಮನೆಯ ಹಜಾರದಲ್ಲಿ ಭಜನೆಗೆ ಸೇರುವುದು ಈಕೆಯ ಮೇಜು ಬರುವುದಕ್ಕೆ ಮೊದಲಿನಿಂದಲೂ ನಡೆದುಬಂದ ರೂಢಿ. ನಿಲ್ಲಿಸೋಣವೆ ಎಂದು ಅತ್ತೆ ಕೇಳಿದರಂತೆ. ಬೇಡ ಅತ್ತೆ ಎಂದು ಹೇಳಿ, ಕಂಪನಿಯವರೆಲ್ಲ ನೋಡುವ ಕ್ಯಾಲೆಂಡರಿನಲ್ಲಿ ಬುಧವಾರದ ಆ ಒಂದು ಗಂಟೆಯನ್ನು ಆಕೆ ತುಂಬಿಟ್ಟಿದ್ದಾಳೆ. ಪುಣೆಯವರೂ ಹೈದರಾಬಾದಿನವರೂ ಆಗ ಅವಳನ್ನು ಕರೆಯುವುದಿಲ್ಲ, ಏಕೆಂದು ಈವರೆಗೆ ಕೇಳಿಯೂ ಇಲ್ಲವಂತೆ.