ನಾಲ್ಕನೇ ಬೋರಿಗೆ ಮೊದಲು

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯಲ್ಲಿ ಮಳೆ ನಂಬಿ ಕಡಲೆಕಾಯಿ ಬಿತ್ತಿದವರಿಗೆ ಆತಂಕ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಕರುಳು ಹಿಂಡುತ್ತದೆ. ನಮ್ಮ ಜನ ಸಂಕಟ ಹೇಳಿಕೊಳ್ಳುವುದೇ ಮೈಯ ಮಾತಿನಲ್ಲಿ. ಬೌದ್ಧರು ‘ಸತಿ’ ಎಂದ, ಈಗ ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಊರೂರು ಸುತ್ತುತ್ತಿರುವ ಅರಿವಿನ ಅಭ್ಯಾಸವೂ ಅಲ್ಲಿಂದಲೇ ಶುರುವಾಗುತ್ತದೆ: ಭಾವವನ್ನು ಅದುಮಬೇಡಿ, ಅದರ ಬೆನ್ನು ಹತ್ತಿ ಓಡಲೂ ಬೇಡಿ, ಮೈಯಲ್ಲಿ ಎಲ್ಲಿ ಕೂತಿದೆ ನೋಡಿ, ಹೆಸರು ಹಿಡಿದು ಕರೆಯಿರಿ. 2007ರಲ್ಲಿ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು ಮಿದುಳಿನ ಚಿತ್ರ ತೆಗೆದು ನೋಡಿದರು. ಎದುರಿನ ಮುಖದಲ್ಲಿ ಕಂಡ ಭಾವವನ್ನು ಪದದಲ್ಲಿ ಗುರುತಿಸಿದಾಗ, ಭಯಕ್ಕೆ ಕೆರಳುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿತ್ತು. ನಾವಾದರೋ ಎಲ್ಲವನ್ನೂ ‘ಬೇಜಾರು’ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ. ಸಾಲ ಕೊಟ್ಟವನೆದುರು ತಲೆ ತಗ್ಗಿಸಿದ ನಾಚಿಕೆ, ಅಣ್ಣತಮ್ಮಂದಿರ ಮೇಲಿನ ಸಿಟ್ಟು, ನಾಳೆಯ ಭಯ, ಎಲ್ಲ ಅದರೊಳಗೇ.

ಉಸಿರು ನೋಡುತ್ತ ಕೂತರೆ ಮಳೆ ಬರುತ್ತದೆಯೇ, ಸಾಲ ತೀರುತ್ತದೆಯೇ ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಬರುವುದಿಲ್ಲ, ತೀರುವುದೂ ಇಲ್ಲ. ಬೆಲೆ, ವಿಮೆ, ನೀರಿನ ಮಾತು ಬಿಟ್ಟು ರೈತನಿಗೆ ಬರೀ ಧ್ಯಾನ ಹೇಳುವುದು ಅನ್ಯಾಯ. 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಎಂಬವರು ಈ ಅರಿವಿನ ಅಭ್ಯಾಸವನ್ನು ಆಸ್ಪತ್ರೆಗೆ ತಂದಾಗಲೂ ಎದುರಿಗಿದ್ದವರು ಔಷಧಿಗೆ ಬಗ್ಗದ ನೋವಿನವರು; ನೋವು ಹೋಗುತ್ತದೆಂದು ಅವರಿಗೆ ಮಾತು ಕೊಟ್ಟಿರಲಿಲ್ಲ. ಆದರೆ ಮೂರು ಬೋರು ಬತ್ತಿದ ರಾತ್ರಿಯೇ ಒಡವೆ ಅಡವಿಟ್ಟು ನಾಲ್ಕನೆಯದಕ್ಕೆ ಲಾರಿ ಕರೆಸುವ ತೀರ್ಮಾನ ಇದೆಯಲ್ಲ, ಅದು ನೆಲದೊಳಗಿನ ನೀರನ್ನು ಲೆಕ್ಕ ಹಾಕಿ ಹುಟ್ಟಿದ್ದಲ್ಲ. ಅವಮಾನವೂ ಭಯವೂ ಸೇರಿ ಮಾಡಿದ್ದು. ಭಾವಕ್ಕೂ ತೀರ್ಮಾನಕ್ಕೂ ನಡುವೆ ಒಂದು ರಾತ್ರಿಯ ಬಿಡುವು ಕೊಡುವುದಷ್ಟೇ ಅರಿವಿನ ಕೆಲಸ. ಬೆಳಗಾದ ಮೇಲೂ ಕೊರೆಸುವುದೇ ಸರಿ ಎನಿಸಿದರೆ ಎನಿಸಲಿ.

ಎಲ್ಲರಿಗೂ ಇದು ಒಗ್ಗುತ್ತದೆ ಎನ್ನುವಂತಿಲ್ಲ. ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ನಡೆದ ಬ್ರಿಟನ್ನಿನ ಅಧ್ಯಯನ 2022ರಲ್ಲಿ ಹೇಳಿದ್ದೇನೆಂದರೆ, ಶಾಲೆಯಲ್ಲಿ ಕಲಿಸಿದ ಅರಿವಿನ ಪಾಠ ಮಾಮೂಲಿ ಪಾಠಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಹಳೆಯ ಗಾಯ ಕೆರಳುವವರೂ ಇದ್ದಾರೆ. ಬದುಕೇ ಬೇಡ ಎನಿಸುವಷ್ಟು ಕತ್ತಲೆ ಕವಿದವರಿಗಂತೂ ವೈದ್ಯರು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಕರೆ ಮಾಡಬಹುದು. ಏನೆಂದು ಶುರುಮಾಡುವುದೋ ತೋಚದಿದ್ದರೆ, ಎದೆ ಡವಗುಟ್ಟುತ್ತಿದೆ, ನಿದ್ದೆ ಹತ್ತುತ್ತಿಲ್ಲ ಎಂದರೂ ಸಾಕು.