ಸದ್ದು ನಿಂತಾಗ ಹುಟ್ಟುವ ಭಯ



ಹೆದರಿಕೆಯ ಸಿನಿಮಾ ಎಂದೊಡನೆ ನಿಮಗೆ ನೆನಪಾಗುವುದು ಕಿರುಚಾಟ ಮತ್ತು ರಕ್ತ. ಇವೆರಡನ್ನೂ ಹೆಚ್ಚು ನೆಚ್ಚಿಕೊಳ್ಳದ ಒಂದು ಹಳೆಯ ಕಪ್ಪು-ಬಿಳುಪು ಚಿತ್ರವನ್ನು ಈಗ ಪರಿಶೀಲಿಸೋಣ. ಅದು 1962ರ ಅಮೆರಿಕನ್ ಚಿತ್ರ ‘ಕಾರ್ನಿವಲ್ ಆಫ್ ಸೋಲ್ಸ್’.

ನಿರ್ದೇಶಕ ಹರ್ಕ್ ಹಾರ್ವೆ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಸೆಂಟ್ರಾನ್ ಸಂಸ್ಥೆಯಲ್ಲಿ ಶಾಲೆಗಳಿಗೂ ಉದ್ಯಮಗಳಿಗೂ ಬೋಧನಾ ಚಿತ್ರ ತಯಾರಿಸುವುದು ಅವರ ಉದ್ಯೋಗ. ಯೂಟಾದ ಗ್ರೇಟ್ ಸಾಲ್ಟ್ ಲೇಕ್ ಬಳಿ ಪಾಳುಬಿದ್ದಿದ್ದ ‘ಸಾಲ್ಟೇರ್’ ಎಂಬ ವಿಹಾರ ಮಂದಿರ ಅವರ ಕಣ್ಣಿಗೆ ಬಿತ್ತು. ಅದಕ್ಕೊಪ್ಪುವ ಕಥೆಯನ್ನು ಸಹೋದ್ಯೋಗಿ ಜಾನ್ ಕ್ಲಿಫರ್ಡ್ ಬರೆದರು. ಸುಮಾರು 33 ಸಾವಿರ ಡಾಲರ್ ವೆಚ್ಚ, ಮೂರು ವಾರಗಳಷ್ಟು ಚಿತ್ರೀಕರಣ. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಪ್ರೇತವಾದವರೂ ಹಾರ್ವೆಯವರೇ!

ಕಾರೊಂದು ಸೇತುವೆಯಿಂದ ನದಿಗೆ ಬೀಳುತ್ತದೆ. ಬಹಳ ಹೊತ್ತಿನ ಮೇಲೆ ಮೇರಿ ಎಂಬ ಯುವತಿ ಒಬ್ಬಳೇ ದಡಕ್ಕೆ ಬರುತ್ತಾಳೆ. ಆಮೇಲೆ ಬೇರೆ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸಲು ಹೋಗುತ್ತಾಳೆ. ಬಿಳಿಮುಖದವನೊಬ್ಬ ಅವಳಿಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ.

ಈ ಚಿತ್ರದ ದೊಡ್ಡ ಬಲ ಧ್ವನಿಯ ಬಳಕೆ. ಮೇರಿ ಅಂಗಡಿಯಲ್ಲಿ ಬಟ್ಟೆ ನೋಡುತ್ತಿರುವಾಗ ಸುತ್ತಲಿನ ಲೋಕದ ಸದ್ದೆಲ್ಲ ಥಟ್ಟನೆ ನಿಲ್ಲುತ್ತದೆ. ಅವಳು ಯಾರಿಗೂ ಕಾಣಿಸುವುದಿಲ್ಲ, ಅವಳ ಮಾತು ಯಾರಿಗೂ ಕೇಳಿಸುವುದಿಲ್ಲ. ಉದ್ಯಾನದಲ್ಲಿ ಮರವೊಂದನ್ನು ಮುಟ್ಟಿದಾಗ ಹಕ್ಕಿಗಳ ಉಲಿ ಮರಳಿ ಕೇಳುತ್ತದೆ. ನಮ್ಮ ಕಿವಿ ಸದಾ ಸುತ್ತಲಿನ ಸದ್ದಿಗೆ ಒಗ್ಗಿರುತ್ತದೆ. ಅದು ಮಾಯವಾದರೆ ಮನಸ್ಸು ಎಚ್ಚರಗೊಳ್ಳುತ್ತದೆ. ಇದಕ್ಕೆ ಖರ್ಚೇನೂ ಇಲ್ಲ, ಬೇಕಾದದ್ದು ಆಲೋಚನೆ. ಜೀನ್ ಮೂರ್ ಅವರ ಆರ್ಗನ್ ಸಂಗೀತವೂ ಹಾಗೆಯೇ: ಒಂದೇ ವಾದ್ಯ ಚರ್ಚಿನದೂ ಹೌದು, ಪ್ರೇತಗಳ ನೃತ್ಯದ್ದೂ ಹೌದು.

ಇನ್ನು ದೌರ್ಬಲ್ಯಗಳು. ಅಲ್ಲಲ್ಲಿ ತುಟಿಯ ಚಲನೆಗೂ ಮಾತಿಗೂ ಹೊಂದಾಣಿಕೆಯಿಲ್ಲ. ಸಣ್ಣ ಪಾತ್ರಗಳಲ್ಲಿ ಕೆಲವರ ಅಭಿನಯ ಪಾಠ ಒಪ್ಪಿಸಿದಂತಿದೆ. ಇವು ಹಣದ ಕೊರತೆಯಿಂದ ಬಂದ ದೋಷಗಳು. ಆದರೆ ವೈದ್ಯರೊಬ್ಬರು ಮೇರಿಯನ್ನು ಕೂರಿಸಿಕೊಂಡು ಅವಳ ಮನಸ್ಸನ್ನು ವಿವರಿಸುವ ದೃಶ್ಯ ಎಳೆದಂತಿದೆ. ಚಿತ್ರ ಆಗಲೇ ತೋರಿಸಿದ್ದನ್ನು ಅವರು ಬಾಯಲ್ಲಿ ಹೇಳುತ್ತಾರೆ. ಕೊನೆಯ ಗುಟ್ಟನ್ನು ಚುರುಕಾದ ಪ್ರೇಕ್ಷಕ ಬೇಗನೆ ಊಹಿಸಬಲ್ಲ. ಇವಕ್ಕೆ ಬಡತನ ಕಾರಣವಲ್ಲ, ಬರವಣಿಗೆಯಲ್ಲೇ ತಿದ್ದಬಹುದಾಗಿತ್ತು.

ಈ ವ್ಯತ್ಯಾಸವನ್ನು ಗಮನಿಸಿ. ‘ಪಾಪ, ಕಡಿಮೆ ಹಣದ ಚಿತ್ರ’ ಎಂದು ಎಲ್ಲವನ್ನೂ ಕ್ಷಮಿಸುವುದು ವಿಮರ್ಶೆಯಲ್ಲ. ತುಟಿ ತಪ್ಪಿತೆಂದು ನಕ್ಕು ಎದ್ದುಹೋಗುವುದೂ ವಿಮರ್ಶೆಯಲ್ಲ. ಮೊದಲು ತೆರೆಕಂಡಾಗ ಈ ಚಿತ್ರ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 1989ರಲ್ಲಿ ಮರುಬಿಡುಗಡೆಯಾದ ಮೇಲೆ ಅದಕ್ಕೆ ಮನ್ನಣೆ ದೊರೆಯಿತು. ಹಾರ್ವೆ ಮತ್ತೆ ಕಥಾಚಿತ್ರ ಮಾಡಲೇ ಇಲ್ಲ, 1996ರಲ್ಲಿ ತೀರಿಕೊಂಡರು.

ನಿಮ್ಮಲ್ಲಿ ಯಾರಾದರೂ ಕಿರುಚಿತ್ರಕ್ಕೆ ಕೈಹಾಕಿದ್ದರೆ ಮೊದಲು ನಿಮ್ಮ ಊರಿನಲ್ಲಿ ಜನ ಬಿಟ್ಟುಹೋದ ಕಟ್ಟಡವೊಂದನ್ನು ಹುಡುಕಿ. ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಕಿವಿಗೊಡಿ. ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂದು ಬರೆದುಕೊಳ್ಳಿ. ಕಥೆ ಅಲ್ಲಿಂದಲೇ ಹುಟ್ಟಬಹುದು.