ಕಾರ್ಡಿನ ಚಿಪ್ ಮತ್ತು ನಾಲ್ಕು ಅಂಕಿಯ ಗುಟ್ಟು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಬ್ಯಾಂಕ್ ಕಾರ್ಡಿನ ಉಸಾಬರಿ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಶಬ್ದದಿಂದಲೇ ಶುರುಮಾಡುತ್ತೇನೆ. ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿಕೆಯ ಮೇಲೆ ಒಬ್ಬರ ಬಳಿ ಇಟ್ಟ ವಸ್ತು. ಅದೇ ಶಬ್ದ ಕನ್ನಡ ಪತ್ರಿಕೆಗೆ ಬಂದರೆ ಯಾರೋ ಅಧಿಕಾರಿ ‘ಅಮಾನತು’ ಆಗಿರುತ್ತಾನೆ! ನಾನು ಇವತ್ತು ಹೇಳಹೊರಟಿರುವುದು ಮೊದಲನೆಯ ಅರ್ಥದ ಅಮಾನತ್ತಿನ ಬಗ್ಗೆ.

ನಮ್ಮ ಕರಾವಳಿಯ ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಒಂದು ಬ್ಯಾಂಕ್ ಕಟ್ಟಿದರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಅದು 2020ರ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಕಾಲದ ಬ್ಯಾಂಕಿನಲ್ಲಿ ಗುರುತು ಹಿಡಿಯುತ್ತಿದ್ದುದು ಮುಖ ನೋಡಿ, ಸಹಿ ನೋಡಿ. ಯಂತ್ರಕ್ಕೆ ಮುಖಪರಿಚಯವಿಲ್ಲ. ಅದಕ್ಕೆ ಕಾರ್ಡು ಬೇಕು, ನಾಲ್ಕು ಅಂಕಿ ಬೇಕು.

ಹಳೆಯ ಕಾರ್ಡಿನ ಬೆನ್ನಿನಲ್ಲಿದ್ದ ಕಪ್ಪುಪಟ್ಟಿ ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನ ಜಾತಿಯದು. ಅದರಲ್ಲಿ ಬರೆದದ್ದು ಸದಾ ಒಂದೇ. ಒಂದು ಕ್ಯಾಸೆಟ್ಟಿನ ಹಾಡನ್ನು ಇನ್ನೊಂದಕ್ಕೆ ಇಳಿಸಿಕೊಂಡ ಹಾಗೆ ಕಳ್ಳರು ಅದನ್ನು ಬೇರೆ ಕಾರ್ಡಿಗೆ ಇಳಿಸಿಕೊಳ್ಳುತ್ತಿದ್ದರು. ಚಿಪ್ ಹಾಗಲ್ಲ, ಅದೊಂದು ಪುಟ್ಟ ಕಂಪ್ಯೂಟರು. ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುವಂತೆ ಹೇಳುವುದಾದರೆ, ಹಾಜರಿ ಕೂಗುವಾಗ ಗೆಳೆಯನ ಬದಲು ‘ಎಸ್ ಸಾರ್’ ಎನ್ನುವುದು ಸುಲಭ (ನನಗೆ ಗೊತ್ತಾಗುವುದಿಲ್ಲ ಎಂದು ತಿಳಿಯಬೇಡಿ). ಆದರೆ ಆ ಗೆಳೆಯನೊಬ್ಬನಿಗೇ ಗೊತ್ತಿರುವ ಸೂತ್ರದಿಂದ ದಿನವೂ ಹೊಸ ಲೆಕ್ಕ ಬಿಡಿಸಿ ತೋರಿಸು ಎಂದರೆ ಬದಲಿ ಹುಡುಗ ಸಿಕ್ಕಿಬೀಳುತ್ತಾನೆ. ಚಿಪ್ ಮಾಡುವುದು ಇದನ್ನೇ. ಪ್ರತಿ ವ್ಯವಹಾರಕ್ಕೂ ಹೊಸ ಉತ್ತರ ಕೊಡುತ್ತದೆ, ಆದರೆ ಸೂತ್ರವನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಎಟಿಎಂ ಈಗ ಕೆಲಸ ಮುಗಿಯುವವರೆಗೂ ಕಾರ್ಡನ್ನು ಕಚ್ಚಿ ಹಿಡಿದುಕೊಳ್ಳುವುದು ಈ ಪ್ರಶ್ನೋತ್ತರಕ್ಕಾಗಿ.

ಫ್ರಾನ್ಸಿನ ಬ್ಯಾಂಕುಗಳು ತಮ್ಮ ಕಾರ್ಡುಗಳಿಗೆಲ್ಲ 1992ರ ಹೊತ್ತಿಗೇ ಚಿಪ್ ಹಾಕಿಸಿದ್ದವು. ನಮ್ಮ ರಿಸರ್ವ್ ಬ್ಯಾಂಕು, ಹೊಸದಾಗಿ ಕೊಡುವ ಡೆಬಿಟ್, ಕ್ರೆಡಿಟ್ ಕಾರ್ಡುಗಳೆಲ್ಲ ಚಿಪ್ ಮತ್ತು ಪಿನ್ ಇರುವಂಥವೇ ಆಗಬೇಕೆಂದು 2015ರಲ್ಲಿ ಸೂಚಿಸಿತು. ಹಳೆಯವನ್ನು ಬದಲಿಸಲು 2018ರ ಡಿಸೆಂಬರ್ 31ರ ಗಡುವನ್ನೂ ಹಾಕಿತು. ಈ ನಡುವೆ 2016ರ ಅಕ್ಟೋಬರಿನಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಸೋರಿರಬಹುದೆಂಬ ಸುದ್ದಿ ಬಂತು. ಸ್ಟೇಟ್ ಬ್ಯಾಂಕ್ ಒಂದೇ ಸುಮಾರು 6 ಲಕ್ಷ ಕಾರ್ಡು ಬದಲಿಸಬೇಕಾಯಿತು. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವ್ಯವಸ್ಥೆಗೇ ನುಗ್ಗಿದವರು ನಕಲಿ ಕಾರ್ಡುಗಳಿಂದ ಹಲವು ದೇಶಗಳ ಎಟಿಎಂಗಳಲ್ಲಿ ಹಣ ತೆಗೆದರು. ಬ್ಯಾಂಕಿಗಾದ ಒಟ್ಟು ನಷ್ಟ 94 ಕೋಟಿ ರೂಪಾಯಿ ದಾಟಿತ್ತು.

ನಮ್ಮ ಗುಡ್ಡಗಳಿಗೆ ಈ ಕಾರ್ಡು ಬಂದ ಬಗೆಯೇ ಬೇರೆ. 2014ರ ಆಗಸ್ಟಿನಲ್ಲಿ ಶುರುವಾದ ಜನ್‌ಧನ್ ಖಾತೆಯ ಜೊತೆ ರುಪೇ ಕಾರ್ಡು ಲೈನ್ ಮನೆಗಳಿಗೆ ಬಂತು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಕಾಫಿ ಕುಯ್ಲು ಎದುರಿಗಿತ್ತು. ಬಟವಾಡೆಗೆ ನಗದು ಸಿಗದೆ ತೋಟಗಳು ಪರದಾಡಿದವು. ಕೂಲಿ ಖಾತೆಗೆ ಹೋಗಲಿ ಎಂಬ ಮಾತು ಆಗ ಬಲವಾಯಿತು. ಖಾತೆಯಾಯಿತು, ಕಾರ್ಡೂ ಬಂತು. ಅದನ್ನು ಬಳಸುವುದನ್ನು ಕಲಿಸುವವರು ಮಾತ್ರ ಬರಲಿಲ್ಲ.

ಪರಿಣಾಮವನ್ನು ನಾನು ತರಗತಿಯಲ್ಲೇ ಕಾಣುತ್ತೇನೆ. ಹುಡುಗನ ಕಂಪಾಸ್ ಪೆಟ್ಟಿಗೆಯಲ್ಲಿ ಮೂರು ಎಟಿಎಂ ಕಾರ್ಡು. ಒಂದು ತಾಯಿಯದು, ಎರಡು ನೆರೆಮನೆಯವರದು. ಮೂರರ ಪಿನ್ನೂ ಅವನಿಗೆ ಬಾಯಿಪಾಠ. ಪೇಟೆಗೆ ಹೋಗುವವನು ಅವನೊಬ್ಬನೇ, ಅಕ್ಷರ ಬಲ್ಲವನೂ ಅವನೇ. ಹುಡುಗ ಪ್ರಾಮಾಣಿಕ, ಸಂಶಯವಿಲ್ಲ. ಬೇರೆ ಕಡೆ ಇದೇ ಕೆಲಸ ಮೇಸ್ತ್ರಿಯದೋ ಅಂಗಡಿಯವನದೋ ಆಗಿರುತ್ತದೆ, ಪಿನ್ನನ್ನು ಕಾರ್ಡಿನ ಲಕೋಟೆಯ ಮೇಲೇ ಬರೆದಿರುತ್ತಾರೆ.

ಇದರಲ್ಲಿ ಅಪಾಯವೇನು? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ನೋಡಿ. ತಪ್ಪು ಬ್ಯಾಂಕಿನದೂ ಅಲ್ಲದೆ, ಗ್ರಾಹಕನದೂ ಅಲ್ಲದೆ ಮೋಸ ನಡೆದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ ಎಂದು ಅದು ಹೇಳಿತು. ಗ್ರಾಹಕನ ಹೊಣೆಯನ್ನು ಸಾಬೀತುಪಡಿಸುವ ಭಾರವನ್ನೂ ಬ್ಯಾಂಕಿನ ಮೇಲೇ ಹಾಕಿತು. ಆದರೆ ಗುಪ್ತ ಸಂಖ್ಯೆಯನ್ನು ತಾನೇ ಇನ್ನೊಬ್ಬರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕನದೇ. ಕಪ್ಪುಪಟ್ಟಿಯ ಕಾಲದಲ್ಲಿ ‘ಯಾರೋ ನಕಲು ಮಾಡಿದ್ದಾರೆ’ ಎಂದು ವಾದಿಸಲು ಜಾಗವಿತ್ತು. ಚಿಪ್ಪಿನ ಕಾರ್ಡನ್ನು ನಕಲು ಮಾಡುವುದು ತೀರಾ ಕಷ್ಟ. ಅಸಲಿ ಕಾರ್ಡು, ಸರಿಯಾದ ಪಿನ್, ಹಣ ಹೋಗಿದೆ ಎಂದಾಗ ಬೊಟ್ಟು ತಿರುಗುವುದು ಕೂಲಿಯ ಹೆಂಗಸಿನ ಕಡೆಗೆ, ಇಲ್ಲವೇ ಆ ಕಂಪಾಸ್ ಪೆಟ್ಟಿಗೆಯ ಹುಡುಗನ ಕಡೆಗೆ. ನನ್ನ ಆತಂಕ ಇದೇ. ತಂತ್ರಜ್ಞಾನ ಬಲವಾದಷ್ಟೂ ಓದು ಬಾರದವರ ಮೇಲೆ ಹೊಣೆ ಹೆಚ್ಚಾಗಿದೆ.

ಕಳ್ಳರಿಗೂ ಇದು ಗೊತ್ತು. ಚಿಪ್ ಮುರಿಯುವ ಗೋಜಿಗೆ ಹೋಗದೆ ಫೋನು ಮಾಡುತ್ತಾರೆ. ‘ನಿಮ್ಮ ಹಳೆ ಕಾರ್ಡು ಬಂದ್ ಆಗುತ್ತದೆ, ಚಿಪ್ ಕಾರ್ಡು ಕಳಿಸುತ್ತೇವೆ, ಈಗ ಬಂದ ಒಟಿಪಿ ಹೇಳಿ’ ಎಂಬ ಕರೆಗಳು ಈ ಬದಲಾವಣೆಯ ಹೆಸರಿನಲ್ಲೇ ಬಂದವು.

ಸಂಘಕ್ಕೆ ನನ್ನದೊಂದು ಕೋರಿಕೆ. ವಿದ್ಯಾರ್ಥಿವೇತನ ಹಂಚುವ ದಿನ ಹೇಗೂ ತಾಯಂದಿರು ಬರುತ್ತಾರೆ. ಅಂದು ಒಂದು ಗಂಟೆ ತೆಗೆದಿಡೋಣ. ಪಿಯುಸಿ, ಡಿಗ್ರಿ ಓದುವ ಮಕ್ಕಳು ಅವರನ್ನು ಹತ್ತಿರದ ಎಟಿಎಂಗೆ ಕರೆದೊಯ್ಯಲಿ. ಪರದೆಯಲ್ಲಿ ಕನ್ನಡ ಆರಿಸುವುದು ಹೇಗೆ, ಪಿನ್ ಬದಲಿಸುವುದು ಹೇಗೆ ಎಂದು ಹೇಳಿಕೊಡಲಿ. ಅಂಕಿ ಒತ್ತುವ ಹೊತ್ತಿಗೆ ಮಾತ್ರ ಮಗ ಬಾಗಿಲಾಚೆ ನಿಲ್ಲಬೇಕು, ಒತ್ತುವುದು ತಾಯಿಯ ಬೆರಳೇ ಆಗಬೇಕು. ಅಕ್ಷರ ಬಾರದ ತಾಯಿಗೂ ಅಂಕಿ ಬರುತ್ತದೆ, ದಿನವೂ ಫೋನು ಒತ್ತುವವರೇ ತಾನೇ? ಹಣ ಹೋಗಿದ್ದು ತಿಳಿದರೆ ಬ್ಯಾಂಕಿಗೂ 1930 ಸಂಖ್ಯೆಗೂ ಕೂಡಲೇ ಫೋನು ಮಾಡಬೇಕು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.

ಹಿರಿಯರು ಒಪ್ಪಿದರೆ ಮೊದಲ ತಂಡವನ್ನು ನಮ್ಮ ಶಾಲೆಯಿಂದಲೇ ಕಳಿಸುತ್ತೇನೆ.